ಲೇಬಲ್ ಪ್ರಧಾನ, ಪ್ರಿಂಟರ್ ಶೇಷ

ವಿಷಯ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳಿಂದ ಈಗ ಪೇಟೆಗೆ ಇಳಿಯುವುದು ಅಡಿಕೆ, ರಬ್ಬರ್ ಮಾತ್ರವಲ್ಲ. ಹಲಸಿನ ಹಪ್ಪಳ, ಮಾಂಬಳ, ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್ಪು, ಗಾಣದ ತೆಂಗಿನೆಣ್ಣೆ, ಜೇನು, ಕಾಳುಮೆಣಸು ಎಲ್ಲವೂ ಇಳಿಯುತ್ತವೆ. 2021ರಲ್ಲಿ ಪುತ್ತೂರಿನ ‘ಅಡಿಕೆ ಪತ್ರಿಕೆ’ ಬಾಳೆಕಾಯಿ ಹುಡಿಯ ಬೆನ್ನಿಗೆ ನಿಂತ ಮೇಲೆ ‘ಬಾಕಾಹು’ ಕೂಡ ಈ ಪಟ್ಟಿಗೆ ಸೇರಿತು. ಇವೆಲ್ಲ ಹಿಂದೆ ನೆಂಟರ ಕೈಚೀಲದಲ್ಲಿ ಊರು ದಾಟುತ್ತಿದ್ದ ಪದಾರ್ಥಗಳು. ಕೈಚೀಲದ ಹಪ್ಪಳಕ್ಕೆ ಲೇಬಲ್ ಬೇಕಿರಲಿಲ್ಲ. ಅಂಗಡಿಯ ಹಪ್ಪಳಕ್ಕೆ ಬೇಕು.

ಬೇಕು ಎಂದು ಹೇಳುವುದು ಕಾನೂನು. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಿಂಗಳು ವರ್ಷ, ದೂರು ಹೇಳಲು ಫೋನ್ ನಂಬರು ಇರಲೇಬೇಕು. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಬಂದು ಕೂಡುತ್ತದೆ. ಆಗ 14 ಅಂಕಿಯ ನೋಂದಣಿ ಸಂಖ್ಯೆ, ಏನೇನು ಹಾಕಿದೆ ಎಂಬ ಪಟ್ಟಿ, ಚೌಕದೊಳಗಿನ ಹಸಿರು ಬೊಟ್ಟು, ಕೆಡುವ ದಿನಾಂಕ ಎಲ್ಲ ಬೇಕಾಗುತ್ತದೆ. ರಾಜ್ಯದಲ್ಲಿ ತಯಾರಾದ ಸರಕಿನ ಮೇಲೆ ಕನ್ನಡವೂ ಇರಬೇಕೆಂದು, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವನ್ನು ಆಧಾರವಾಗಿಟ್ಟು ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಮಾಡಿದೆ. ಅಂಗೈಯ ಅರ್ಧದಷ್ಟು ಜಾಗದಲ್ಲಿ ಇಷ್ಟನ್ನೂ ತುಂಬಿ, ಮಿಕ್ಕ ಜಾಗದಲ್ಲಿ ಹಲಸಿನ ತೊಳೆಯ ಚಿತ್ರ ಚೆಂದ ಕಾಣಿಸಬೇಕು.

ಇಲ್ಲಿಗೆ ಬಂದಾಗ ಮನೆಯಲ್ಲಿ ಮಾತು ಏಳುತ್ತದೆ: ನಾವೇ ಒಂದು ಬಣ್ಣದ ಲೇಸರ್ ಪ್ರಿಂಟರ್ ತಂದರೆ ಹೇಗೆ? ತಂದರೆ ಯಾವುದು?

ಮೀಮಾಂಸಕರು ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಚಾರದ ಘಟಕಕ್ಕೆ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಹೇಳಿದ್ದಾರೆ. ಯಜ್ಞದ ಪುರೋಡಾಶವೆಂಬ ಹವಿಸ್ಸಿನ ರೊಟ್ಟಿಗೆ ಭತ್ತವೋ ಜವೆಗೋಧಿಯೋ ಎಂದು ಶತಮಾನಗಟ್ಟಲೆ ಚರ್ಚಿಸಿದ ಶಾಸ್ತ್ರಕ್ಕೆ ಪ್ರಿಂಟರ್ ಹೊರಗಿನದಾಗಬೇಕಿಲ್ಲ. ಖರ್ಚು ಮಾಡುವವರ ಗೊಂದಲ ಆಗಲೂ ಈಗಲೂ ಒಂದೇ ತೆರನದು.

ಸಂಶಯ

ಸಾಮಾನ್ಯವಾಗಿ ಜನ ಕೇಳುವುದು ‘ಯಾವ ಕಂಪೆನಿಯದು ಒಳ್ಳೆಯದು?’ ಎಂದು. ಇದು ಸಂಶಯವಾಗಲಾರದು, ಏಕೆಂದರೆ ಇದರಲ್ಲಿ ಕೊಳ್ಳಬೇಕೆಂಬ ತೀರ್ಮಾನ ಮೊದಲೇ ಅಡಗಿದೆ. ಸರಿಯಾದ ಸಂಶಯ ಎರಡು. ಒಂದು, ಈ ಯಂತ್ರ ಕೊಳ್ಳಲು ಯಾರಿಗೆ ಅಧಿಕಾರ, ಅಂದರೆ ಅರ್ಹತೆ? ಇನ್ನೊಂದು, ಲೇಬಲ್, ಹಾಳೆ, ಯಂತ್ರ ಈ ಮೂರರಲ್ಲಿ ಯಾವುದು ಪ್ರಧಾನ, ಯಾವುದು ಅದಕ್ಕಾಗಿ ಇರುವ ಶೇಷ? ಮೀಮಾಂಸಾಸೂತ್ರ ಬರೆದ ಜೈಮಿನಿ ಶೇಷದ ವಿಚಾರಕ್ಕೆ ಮೂರನೆಯ ಅಧ್ಯಾಯವನ್ನೂ ಅಧಿಕಾರದ ವಿಚಾರಕ್ಕೆ ಆರನೆಯದನ್ನೂ ಮೀಸಲಿಟ್ಟದ್ದು ಸುಮ್ಮನೆ ಅಲ್ಲ. ಇನ್ನೊಂದಕ್ಕಾಗಿ ಇರುವುದನ್ನು ತನಗಾಗಿಯೇ ಇರುವುದೆಂದು ಎಣಿಸಿದರೆ ಇಡೀ ಕರ್ಮ ತಲೆಕೆಳಗಾಗುತ್ತದೆ. ಮೊದಲು ಪ್ರಿಂಟರ್ ತಂದು, ಆಮೇಲೆ ಅದಕ್ಕೆ ಹೊಂದುವ ಹಾಳೆ ಹುಡುಕಿ, ಕೊನೆಗೆ ಆ ಹಾಳೆ ಅಂಟುವ ಬಾಟಲಿ ಹುಡುಕುವವರು ಮಾಡುತ್ತಿರುವುದು ಇದನ್ನೇ.

ಸಂಶಯ ತೀರಿಸಲು ಪ್ರಮಾಣ ಬೇಕು. ಕರಪತ್ರದಲ್ಲಿ ಬರೆದದ್ದು, ಅಂಗಡಿಯವರು ಹೇಳಿದ್ದು ಶಬ್ದಪ್ರಮಾಣದ ವೇಷ ಹಾಕಿಕೊಂಡು ಬರುತ್ತವೆ. ಅದರಲ್ಲಿ ಬಹುಪಾಲು ಅರ್ಥವಾದ, ಅಂದರೆ ಸ್ತುತಿ. ನಿಮಿಷಕ್ಕೆ ಇಷ್ಟು ಪುಟ, ಫೋನಿನಿಂದಲೇ ಮುದ್ರಣ, ಬಣ್ಣದ ಪರದೆ ಎಂಬ ಮಾತುಗಳಿಗೆ ಲೇಬಲಿನ ವಿಧಿಯೊಂದಿಗೆ ಸಂಬಂಧ ಇಲ್ಲದಿದ್ದರೆ ಅವಕ್ಕೆ ಸ್ವತಂತ್ರ ಪ್ರಾಮಾಣ್ಯ ಇಲ್ಲ. ಅದೇ ಕರಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುವ ‘ಹಾಳೆಯ ತೂಕ’, ‘ಹಾಳೆಯ ಬಗೆ’ ಎಂಬ ಎರಡು ಸಾಲುಗಳೇ ಇಲ್ಲಿ ವಿಧಿವಾಕ್ಯಗಳು.

ಯಂತ್ರದ ಒಳಗೆ ನಡೆಯುವುದು

ಪೂರ್ವಪಕ್ಷಕ್ಕೆ ಕಿವಿಕೊಡುವ ಮೊದಲು ಯಂತ್ರದ ಕೆಲಸ ತಿಳಿದಿರಬೇಕು. ಮುಂದೆ ಬರುವ ಅರ್ಧಕ್ಕರ್ಧ ಉತ್ತರ ಅದರಿಂದಲೇ ಹುಟ್ಟುತ್ತದೆ.

ಲೇಸರ್ ಪ್ರಿಂಟರಿನಲ್ಲಿ ಶಾಯಿಯೇ ಇಲ್ಲ. ಇರುವುದು ಟೋನರ್ ಎಂಬ ಬಣ್ಣ ಬೆರೆಸಿದ ನಯವಾದ ಪ್ಲಾಸ್ಟಿಕ್ ಹುಡಿ. ಬೆಳಕಿಗೆ ಸ್ಪಂದಿಸುವ ಡ್ರಮ್ಮಿನ ಮೇಲೆ ವಿದ್ಯುತ್ತಿನ ಅಚ್ಚು ಮೂಡಿ, ಹುಡಿ ಅದಕ್ಕೆ ಹಿಡಿದು, ಹಾಳೆಗೆ ದಾಟಿ, ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆಗಳ ನಡುವೆ ಕರಗಿ ಕೂರುತ್ತದೆ. ಉರುಳೆಯ ಬಿಸಿ ಸುಮಾರು 180ರಿಂದ 200 ಡಿಗ್ರಿ. ಬಣ್ಣದ ಯಂತ್ರದಲ್ಲಿ ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂದು ನಾಲ್ಕು ಹುಡಿಗಳು ಒಂದರ ಮೇಲೊಂದು ಕೂರುತ್ತವೆ. ಲೇಸರ್ ಬದಲು ಎಲ್‌ಇಡಿ ದೀಪಗಳ ಸಾಲು ಇರುವ ಯಂತ್ರಗಳೂ ಇವೆ. ಲೇಬಲಿನ ಮಟ್ಟಿಗೆ ಆ ಭೇದ ಗಣನೆಗಿಲ್ಲ.

ಈ ತತ್ತ್ವ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಮಾಡಿದ ಮೊದಲ ಮುದ್ರಣದಲ್ಲಿ ಇದ್ದದ್ದು ಅವತ್ತಿನ ತಾರೀಕು ಮತ್ತು ಊರಿನ ಹೆಸರು, ಅಷ್ಟೆ. ತಯಾರಾದ ದಿನ, ತಯಾರಾದ ಸ್ಥಳ! ಅಂದರೆ ಒಣ ಹುಡಿಯ ಮುದ್ರಣ ಹುಟ್ಟಿದ್ದೇ ಲೇಬಲಿನ ರೂಪದಲ್ಲಿ ಎಂದು ಹೇಳಲು ಅಡ್ಡಿಯಿಲ್ಲ.

ಹುಡಿ ಪ್ಲಾಸ್ಟಿಕ್ಕಾದ್ದರಿಂದ ನೀರಿಗೆ ಕದಡುವುದಿಲ್ಲ. ಹಾಳೆಯ ಒಳಗೆ ಇಳಿಯದೆ ಮೇಲ್ಮೈಯಲ್ಲೇ ಕೂರುವುದರಿಂದ ಉಗುರಿಗೆ, ಮಡಿಕೆಗೆ ಸಿಕ್ಕಿದರೆ ಹಕ್ಕಳೆಯಾಗಿ ಏಳಬಹುದು. ಕರಗಲು ಬಿಸಿ ಬೇಕಾದ್ದರಿಂದ ಬಿಸಿ ತಾಳದ ಹಾಳೆ ಯಂತ್ರದೊಳಗೆ ಹೋಗಬಾರದು. ಹೀಗೆ ಒಂದು ಗುಣ, ಒಂದು ದೋಷ, ಒಂದು ನಿಷೇಧ ಸಿಕ್ಕವು.

ಪೂರ್ವಪಕ್ಷ

ಎದುರು ಪಕ್ಷದವರು ಮೂವರು.

ಮೊದಲನೆಯವರು ಹೇಳುತ್ತಾರೆ: “ಅದೆಲ್ಲ ಯಾಕೆ ಮಾರಾಯ್ರೆ? ಪುತ್ತೂರು ಪೇಟೆಯಲ್ಲಿ ಡಿಟಿಪಿ ಅಂಗಡಿ ಇಲ್ವಾ? ಪೆನ್‌ಡ್ರೈವ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಸ್ಟಿಕ್ಕರ್ ಶೀಟು ಕೈಗೆ ಬರ್ತದೆ.” ಇವರ ಮಾತಿನಲ್ಲಿ ತೂಕವಿದೆ. ಅಂಗಡಿಯ ದೊಡ್ಡ ಯಂತ್ರ ದಪ್ಪ ಹಾಳೆಯನ್ನು ಸರಾಗ ನುಂಗುತ್ತದೆ. ಟೋನರ್, ರಿಪೇರಿ, ಕರೆಂಟು ಯಾವುದರ ತಲೆಬಿಸಿಯೂ ನಮಗಿಲ್ಲ. ಮೇಲಿನಿಂದ ಪಾರದರ್ಶಕ ಹಾಳೆ ಅಂಟಿಸಿ ಕೊಡಿ ಎಂದರೆ ಅದನ್ನೂ ಮಾಡುತ್ತಾರೆ.

ಎರಡನೆಯವರು ಛಾಪಖಾನೆಯ ಪಕ್ಷ. ಸಾವಿರಗಟ್ಟಲೆ ಒಂದೇ ಸಲ ಮಾಡಿಸಿದರೆ ಲೇಬಲ್ ಒಂದಕ್ಕೆ ಪೈಸೆಗಳ ಲೆಕ್ಕ, ಮನೆಯ ಪ್ರಿಂಟರಿನಲ್ಲಿ ರೂಪಾಯಿಗಳ ಲೆಕ್ಕ ಎನ್ನುವುದು ಇವರ ವಾದ. ಶಿವರಾಮ ಕಾರಂತರು ಹರ್ಷ ಮುದ್ರಣಾಲಯ ನಡೆಸಿದ ಊರು ಪುತ್ತೂರು. ಸ್ವಂತ ಅಚ್ಚೋ ಪರರ ಅಚ್ಚೋ ಎಂಬ ಪ್ರಶ್ನೆ ಈ ಊರಿಗೆ ಹೊಸತಲ್ಲ, ಸ್ವಂತ ಅಚ್ಚಿನ ಖರ್ಚು ಗೊತ್ತಿಲ್ಲದ ಊರೂ ಅಲ್ಲ.

ಮೂರನೆಯವರು ಇಂಕ್ ಟ್ಯಾಂಕಿನವರು. ಶಾಯಿಯ ಬಾಟಲಿ ತಂದು ತುಂಬಿಸಿದರೆ ಸಾವಿರಾರು ಪುಟ, ಕೊಳ್ಳುವ ಬೆಲೆ ಲೇಸರಿನ ಅರ್ಧಕ್ಕೂ ಕಡಿಮೆ, ಫೋಟೊ ಮಾತ್ರ ಲೇಸರಿಗಿಂತ ಚೆಂದ. ಹಾಗಾದರೆ ಲೇಸರ್ ಯಾವ ಪುರುಷಾರ್ಥಕ್ಕೆ?

ಸಿದ್ಧಾಂತ

ಯಾರಿಗೆ ಅಧಿಕಾರ ಎಂಬುದನ್ನು ಮೊದಲು ಮುಗಿಸೋಣ.

ಒಂದೇ ಸರಕನ್ನು ದೊಡ್ಡ ಸಂಖ್ಯೆಯಲ್ಲಿ ಮಾರುವವರಿಗೆ ಬಣ್ಣದ ಲೇಸರಿನಲ್ಲಿ ಅಧಿಕಾರವಿಲ್ಲ. 1986ರಿಂದ ಪುತ್ತೂರಿನಲ್ಲಿ ಚಾಕಲೇಟು ಮಾಡುತ್ತಿರುವ ಕ್ಯಾಂಪ್ಕೊ ಕಾರ್ಖಾನೆಯ ಪ್ರಮಾಣವಿರಲಿ, ಜೇನು ವ್ಯವಸಾಯಗಾರರ ಸಹಕಾರ ಸಂಘದ ಪ್ರಮಾಣವಿರಲಿ, ಅಂಥಲ್ಲಿಗೆ ಛಾಪಖಾನೆಯೇ ಸರಿ. ತಿಂಗಳಿಗೆ ಮೂರು ಸಾವಿರ ಬಾಟಲಿ ತೆಂಗಿನೆಣ್ಣೆ ಮಾತ್ರ ಮಾರುವ ಗಾಣದವರಿಗೂ ಅದೇ ಉತ್ತರ. ಇಲ್ಲಿ ಎರಡನೆಯ ಪೂರ್ವಪಕ್ಷವನ್ನು ಒಪ್ಪಿದ್ದೇವೆ.

ಒಂದೆರಡು ಸರಕನ್ನು ತೀರಾ ಸಣ್ಣ ಸಂಖ್ಯೆಯಲ್ಲಿ ಮಾರುವವರಿಗೂ ಅಧಿಕಾರವಿಲ್ಲ. ಹಲಸಿನ ಕಾಲದಲ್ಲಿ ಇನ್ನೂರು ಕಟ್ಟು ಹಪ್ಪಳ, ಅಲ್ಲಿಗೆ ವರ್ಷದ ವ್ಯಾಪಾರ ಮುಗಿಯಿತು ಎನ್ನುವವರು ಡಿಟಿಪಿ ಅಂಗಡಿಗೇ ಹೋಗಬೇಕು. ಮೊದಲನೆಯವರು ಗೆದ್ದರು.

ಉಳಿದವರು ಬಹುರೂಪಿಗಳು. ಒಂದೇ ಮನೆಯಿಂದ ಹತ್ತು ಹನ್ನೆರಡು ಬಗೆ, ಪ್ರತಿಯೊಂದೂ ತಿಂಗಳಿಗೆ ನೂರು ಇನ್ನೂರು, ಏಪ್ರಿಲಿನಲ್ಲಿ ಮಾಂಬಳ, ಜೂನಿನಲ್ಲಿ ಹಪ್ಪಳ, ಮಳೆ ಬಿಟ್ಟ ಮೇಲೆ ಚಿಪ್ಸ್. ಇವರು ಛಾಪಖಾನೆಗೆ ಹೋದರೆ ಪ್ರತಿ ಬಗೆಗೂ ಸಾವಿರದ ಮೇಲೆ ಮಾಡಿಸಬೇಕು, ಅರ್ಧ ಅಟ್ಟ ಸೇರುತ್ತದೆ. ಬೆಲೆ ಬದಲಾದರೆ, ನಿಯಮ ಬದಲಾದರೆ ಅಟ್ಟದ ರಾಶಿ ರದ್ದಿ. ಗ್ರಾಮಿಗೆ ಇಷ್ಟು, ಕಿಲೋಗೆ ಇಷ್ಟು ಎಂಬ ದರವೂ ಬೇಕೆಂದು ನಿಯಮ ಬಂದಾಗ ಎಷ್ಟೋ ಕಡೆ ಹಳೆಯ ಲೇಬಲಿನ ಮೇಲೆ ಇನ್ನೊಂದು ಚೂರು ಅಂಟಿಸಬೇಕಾಯಿತು. ಇನ್ನು ಡಿಟಿಪಿ ಅಂಗಡಿ. ಸುಬ್ರಹ್ಮಣ್ಯದ ಕಡೆಯ ಹಳ್ಳಿಯಿಂದ ಪ್ರತಿ ವಾರ ಪೇಟೆಗೆ ಬಂದು ಹೋಗುವ ಬಸ್ಸು, ಅರ್ಧ ದಿನದ ಕೆಲಸ, ಅವರ ಸಾಲಿನಲ್ಲಿ ನಮ್ಮ ಸರದಿ. ಈ ಬಹುರೂಪಿಗಳಿಗೇ ಮನೆಯ ಬಣ್ಣದ ಲೇಸರ್ ವಿಹಿತ.

ಮೀಮಾಂಸಕರಿಗೆ ವಿಕಲ್ಪವೆಂದರೆ ಆಗದು. ‘ಇದಾದರೂ ಆಗಬಹುದು, ಅದಾದರೂ ಆಗಬಹುದು’ ಎಂಬ ಮಾತಿಗೆ ಎಂಟು ದೋಷ ಎಣಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಎಂದು ಹಂಚಿಬಿಟ್ಟರೆ, ಅಂದರೆ ವ್ಯವಸ್ಥಿತ ವಿಕಲ್ಪವಾದರೆ, ದೋಷ ಕಳೆಯುತ್ತದೆ. ಛಾಪಖಾನೆ, ಡಿಟಿಪಿ ಅಂಗಡಿ, ಮನೆಯ ಲೇಸರ್ ಮೂರೂ ಅವರವರ ಅಧಿಕಾರಿಗಳ ಮಟ್ಟಿಗೆ ಸರಿ.

ಈಗ ಎರಡನೆಯ ಸಂಶಯ. ಕ್ರಮ ಹೀಗೆ: ಮೊದಲು ಬಾಟಲಿ, ಆಮೇಲೆ ಹಾಳೆ, ಕೊನೆಗೆ ಯಂತ್ರ.

ಒಣ ಸರಕಿನ ಡಬ್ಬಿ, ಪೌಚುಗಳಿಗೆ ಸಾಮಾನ್ಯ ಕಾಗದದ ಸ್ಟಿಕ್ಕರ್ ಸಾಕು. ಎಣ್ಣೆಯ ಬಾಟಲಿಗೆ ಸಾಲದು. ಟೋನರಿಗೆ ಎಣ್ಣೆಯಿಂದ ಕೂಡಲೇ ತೊಂದರೆ ಇಲ್ಲ, ಆದರೆ ಕಾಗದ ಎಣ್ಣೆ ಕುಡಿದು ಗಾಜಿನಂತೆ ಪಾರದರ್ಶಕವಾಗುತ್ತದೆ. ಫ್ರಿಜ್ಜಿನಿಂದ ಹೊರಗೆ ಬಂದು ಬೆವರುವ ಪುನರ್ಪುಳಿ ಬಾಟಲಿಯ ಕಾಗದ ನೆನೆದು ಮುದುಡುತ್ತದೆ. ಇವಕ್ಕೆ ಪ್ಲಾಸ್ಟಿಕ್ ಮೈಯ ಹಾಳೆ ಬೇಕು, ಅಲ್ಲೇ ಅಪಾಯ ಕೂತಿದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯಲ್ಲಿ ಕರಗುವುದು, ಫ್ಯೂಸರಿನ 200ನ್ನು ತಾಳುತ್ತದೆ. ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲೇ ಕರಗುತ್ತದೆ, ಪಾಲಿಥೀನ್ ಅದಕ್ಕೂ ಮೊದಲು, ವಿನೈಲ್ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಇಂಕ್‌ಜೆಟ್ಟಿಗೆಂದು ಮಾರುವ ಹೊಳಪಿನ ಸ್ಟಿಕ್ಕರ್ ಹಾಳೆಯನ್ನು ‘ಹಾಳೆ ಹಾಳೆಯೇ’ ಎಂದು ಲೇಸರಿಗೆ ತಳ್ಳಿದರೆ ಅದು ಫ್ಯೂಸರಿಗೆ ಸುತ್ತಿಕೊಂಡು, ಯಂತ್ರದ ಬೆಲೆಯ ದೊಡ್ಡ ಪಾಲು ಒಂದೇ ಹಾಳೆಗೆ ಹೋಗುತ್ತದೆ. ಆದ್ದರಿಂದ ನಿಷೇಧ ಸ್ಪಷ್ಟ: ಕಟ್ಟಿನ ಮೇಲೆ ‘ಲೇಸರ್’ ಎಂದು ಬರೆದಿರದ ಪ್ಲಾಸ್ಟಿಕ್ ಹಾಳೆ ಒಳಗೆ ಹೋಗಕೂಡದು.

ಹಾಳೆ ನಿಶ್ಚಯವಾದರೆ ಯಂತ್ರದ ಲಕ್ಷಣ ತಾನಾಗಿ ಬರುತ್ತದೆ. ಸ್ಟಿಕ್ಕರ್ ಎಂದರೆ ಎರಡು ಹಾಳೆ, ನಡುವೆ ಅಂಟು. ಒಟ್ಟು ತೂಕ ಮಾಮೂಲಿ ಎ4 ಹಾಳೆಯ ಎರಡು ಪಟ್ಟಿನ ಸುಮಾರಿಗೆ ಬರುತ್ತದೆ. ಕೆಳಗಿನ ಟ್ರೇಯಿಂದ ಹೊರಟು ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಳಸಿ ಮೇಲೆ ಬರುವ ದಾರಿಯಲ್ಲಿ ಅದರ ಅಂಚು ಎದ್ದು ಲೇಬಲ್ ಒಳಗೇ ಕಿತ್ತು ಬರಬಹುದು. ಡ್ರಮ್ಮಿಗೆ ಅಂಟಿದರೆ ಮುಗಿಯಿತು. ಆದ್ದರಿಂದ ನೋಡಬೇಕಾದ್ದು ಮುಂದಿನಿಂದ ಕೈಯಲ್ಲಿ ಹಾಳೆ ಕೊಡುವ ಕಿಂಡಿ, ಹಿಂದಿನ ಬಾಗಿಲು ತೆರೆದರೆ ಹಾಳೆ ನೇರ ಹೊರಬರುವ ದಾರಿ, ನಾವು ಆರಿಸಿದ ಹಾಳೆಯ ತೂಕವನ್ನು ಆ ಕಿಂಡಿ ಒಪ್ಪುತ್ತದೆಯೇ ಎಂಬ ಅಂಕಿ, ಮತ್ತು ಸೆಟ್ಟಿಂಗಿನಲ್ಲಿ ‘ಲೇಬಲ್’ ಎಂಬ ಆಯ್ಕೆ. ಈ ಆಯ್ಕೆ ಕೊಟ್ಟಾಗ ಯಂತ್ರ ನಿಧಾನವಾಗಿ, ಹೆಚ್ಚು ಬಿಸಿಯಲ್ಲಿ ಹುಡಿಯನ್ನು ಕೂರಿಸುತ್ತದೆ. ಉಗುರಿಗೆ ಏಳುವ ಲೇಬಲುಗಳಲ್ಲಿ ಹೆಚ್ಚಿನವು ‘ಸಾದಾ ಹಾಳೆ’ ಎಂಬ ಆಯ್ಕೆಯಲ್ಲಿ ಹೊರಬಂದವು. ಇವು ನಾಲ್ಕೂ ಇದ್ದರೆ ನಿಮಿಷಕ್ಕೆ 18 ಪುಟವೋ 30 ಪುಟವೋ ಎಂಬುದಕ್ಕೆ ತಲೆಕೆಡಿಸಬೇಕಿಲ್ಲ, ಲೇಬಲ್ ಹಾಕಿದಾಗ ಎಲ್ಲ ಯಂತ್ರಗಳೂ ನಡಿಗೆಗೆ ಇಳಿಯುತ್ತವೆ.

ಅಕ್ಷರದ ಸ್ಪಷ್ಟತೆ ನಮ್ಮ ಕಡೆಯವರು ಯೋಚಿಸಲೇಬೇಕಾದ ಸಂಗತಿ. ಇಂಗ್ಲಿಷಿನಲ್ಲಿ ಒಂದು ಮಿಲಿಮೀಟರ್ ಎತ್ತರದ ಅಕ್ಷರವನ್ನು ಹೇಗೋ ಓದಬಹುದು. ಕನ್ನಡಕ್ಕೆ ಒತ್ತಕ್ಷರವಿದೆ. ‘ಗರಿಷ್ಠ’ದ ಠ ಒತ್ತು, ‘ಉತ್ಪಾದಕರು’ ಪದದ ಪ ಒತ್ತು ಇನ್ನೂ ಕೆಳಗೆ, ಇನ್ನೂ ಸಣ್ಣದಾಗಿ ಬರಬೇಕು. 600 ಡಿಪಿಐ ಎಂದರೆ ಒಂದು ಮಿಲಿಮೀಟರಿಗೆ ಸುಮಾರು 24 ಚುಕ್ಕಿ. ಅರ್ಧ ಮಿಲಿಮೀಟರಿನ ಒತ್ತಿಗೆ ಹನ್ನೆರಡು ಉಳಿಯಿತು. ಶುದ್ಧ ಕಪ್ಪಿನಲ್ಲಿ ಹನ್ನೆರಡು ಚುಕ್ಕಿ ಸಾಕು. ಅದೇ ಅಕ್ಷರವನ್ನು ಕಂದು ಬಣ್ಣದಲ್ಲೋ, ಹಸಿರು ಹಿನ್ನೆಲೆಯಲ್ಲಿ ಬಿಳಿಯಾಗಿಯೋ ಹಾಕಿದರೆ ಮೂರು ನಾಲ್ಕು ಹುಡಿಗಳ ಜಾಲರಿ ಸೇರಿ ಅಂಚು ಹರಿಯುತ್ತದೆ, ಒಂದು ಬಣ್ಣ ಕೂದಲೆಳೆ ಸರಿದರೂ ಒತ್ತು ಮುಚ್ಚಿಹೋಗುತ್ತದೆ. ಹಾಗಾಗಿ 600ರಿಂದ 1200ಕ್ಕೆ ಹೋಗಲು ದುಡ್ಡು ಸುರಿಯುವ ಬದಲು ಸಣ್ಣ ಅಕ್ಷರವನ್ನೆಲ್ಲ ಬಿಳಿಯ ಮೇಲೆ ಕಪ್ಪು ಹುಡಿಯೊಂದರಲ್ಲೇ ಹಾಕಿಸಿ. ಡಿಸೈನ್ ಮಾಡುವವರಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ. ಅವರಿಗೆ ಹಸಿರು ಹಿನ್ನೆಲೆ ಎಂದರೆ ಪ್ರೀತಿ.

ಖರ್ಚಿನ ಲೆಕ್ಕವೂ ಇದಕ್ಕೇ ಬಂದು ಸೇರುತ್ತದೆ. ಟೋನರ್ ಡಬ್ಬಿಯ ಮೇಲೆ ಬರೆದ ಪುಟಗಳ ಸಂಖ್ಯೆ ಪ್ರತಿ ಬಣ್ಣವೂ ಹಾಳೆಯ ನೂರರಲ್ಲಿ ಐದು ಪಾಲನ್ನಷ್ಟೇ ಮುಚ್ಚುತ್ತದೆ ಎಂಬ ಅಂದಾಜಿನ ಅಳತೆ. ಆಫೀಸಿನ ಕಾಗದಕ್ಕೆ ಅದು ಸರಿ. ಒಂದು ಸೆಟ್ಟು ಟೋನರಿಗೆ ₹20,000, ಅದರ ಮೇಲೆ 1,300 ಪುಟ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಬಿಳಿ ಹಿನ್ನೆಲೆ, ಮೂಲೆಯಲ್ಲಿ ಪುಟ್ಟ ಚಿತ್ರ, ಉಳಿದದ್ದು ಅಕ್ಷರ ಎಂಬ ಲೇಬಲಾದರೆ ಹಾಳೆಗೆ ₹15 ಚಿಲ್ಲರೆ. ಹಾಳೆಗೆ 12 ಲೇಬಲಾದರೆ ಒಂದಕ್ಕೆ ₹1.30ರ ಒಳಗೆ. ಅದನ್ನೇ ಅಂಚಿನಿಂದ ಅಂಚಿಗೆ ಬಣ್ಣ ತುಂಬಿಸಿ ಪ್ರತಿ ಬಣ್ಣವೂ 25 ಪಾಲು ಮುಚ್ಚುವಂತೆ ಮಾಡಿದರೆ 1,300 ಪುಟ 260ಕ್ಕೆ ಇಳಿದು ಹಾಳೆಗೆ ₹77, ಲೇಬಲ್ ಒಂದಕ್ಕೆ ₹6.40. ಐವತ್ತು ರೂಪಾಯಿಯ ಚಿಪ್ಸ್ ಪೊಟ್ಟಣಕ್ಕೆ ಆರೂವರೆ ರೂಪಾಯಿಯ ಅಂಗಿ! ಯಂತ್ರ ಅದೇ, ಟೋನರ್ ಅದೇ, ವ್ಯತ್ಯಾಸ ಹಿನ್ನೆಲೆಯದು. ಅಂಗಡಿಗೆ ಹೋಗಿ ಪ್ರಿಂಟರಿನ ಬೆಲೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಿಸಿದ ಸಂತೋಷ ಇಂಥ ಹಿನ್ನೆಲೆಯ ಮೊದಲ ಇಪ್ಪತ್ತು ಹಾಳೆಗೆ ಕರಗುತ್ತದೆ. ಹೊಸ ಯಂತ್ರದ ಜೊತೆ ಬರುವ ಟೋನರ್ ಹೆಚ್ಚಾಗಿ ಅರೆತುಂಬಿದ್ದೆಂಬುದನ್ನೂ ಮರೆಯಬಾರದು. ಕೆಲವು ಯಂತ್ರಗಳಲ್ಲಿ ಡ್ರಮ್ಮು ಟೋನರ್ ಡಬ್ಬಿಯಲ್ಲೇ ಇರುತ್ತದೆ, ಕೆಲವದರಲ್ಲಿ ಬೇರೆ. ಬೇರೆಯಾಗಿದ್ದರೆ ಅದರ ಬೆಲೆಯನ್ನೂ ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ.

ಆಕ್ಷೇಪಗಳು

ಮೂರನೆಯ ಪೂರ್ವಪಕ್ಷಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಇಂಕ್ ಟ್ಯಾಂಕ್ ಅಗ್ಗ, ನಿಜ. ಆದರೆ ಅಗ್ಗದ ಟ್ಯಾಂಕುಗಳ ಬಣ್ಣದ ಶಾಯಿ ಬಹಳಷ್ಟು ಸಲ ನೀರಿನಲ್ಲಿ ಕರಗುವ ಡೈ. ಬೆವರುವ ಬಾಟಲಿಯ ಮೇಲೆ ಹಿನ್ನೆಲೆಯ ಹಳದಿ ಇಳಿದು ‘ಪುನರ್ಪುಳಿ’ಯ ಕೆಂಪಿಗೆ ಸೇರುತ್ತದೆ. ಮೇಲಿನಿಂದ ಪಾರದರ್ಶಕ ಹಾಳೆ ಅಂಟಿಸಬಹುದು ಎಂದರೆ, ಅಂಟಿಸುವ ಕೈಗೂ ಕೂಲಿ ಇದೆ. ಪಿಗ್ಮೆಂಟ್ ಶಾಯಿಯ ಯಂತ್ರವಾದರೆ, ಅದಕ್ಕೆಂದೇ ಮಾಡಿದ ಹಾಳೆಯಾದರೆ, ಈ ದೋಷ ಬಹುಪಾಲು ಇಲ್ಲ. ಅಂಥ ಪಕ್ಷವನ್ನು ನಾನು ಖಂಡಿಸುವುದಿಲ್ಲ. ಇನ್ನೊಂದು ಕಾರಣ ನಮ್ಮ ಹಂಗಾಮಿನದು. ಹಪ್ಪಳ ಮುಗಿದು ಚಿಪ್ಸ್ ಶುರುವಾಗುವ ನಡುವೆ ಯಂತ್ರ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ. ಶಾಯಿಯ ತೂತು ಒಣಗಿ ಕಟ್ಟಿಕೊಳ್ಳುತ್ತದೆ. ಹುಡಿಗೆ ಒಣಗುವ ಭಯವಿಲ್ಲ.

“ಕಪ್ಪು ಮಾತ್ರ ಹೊಡೆಯುವ ಲೇಸರ್ ಸಾಕಲ್ಲ? ಬಣ್ಣದ ಚಿತ್ರವಿರುವ ಖಾಲಿ ಸ್ಟಿಕ್ಕರನ್ನು ಛಾಪಖಾನೆಯಲ್ಲಿ ಐದು ಸಾವಿರ ಮಾಡಿಸಿಟ್ಟು, ಹೆಸರು, ತೂಕ, ಬೆಲೆ, ತಾರೀಕು ಮಾತ್ರ ಮನೆಯಲ್ಲಿ ಹಾಕಿದರೆ?” ಇದು ನನಗೆ ಗೊತ್ತಿರುವ ಆಕ್ಷೇಪಗಳಲ್ಲೆಲ್ಲ ಬಲವಾದದ್ದು. ಕಪ್ಪಿನ ಯಂತ್ರ ಅಗ್ಗ, ಟೋನರ್ ಒಂದೇ, ಕೆಡುವ ಭಾಗ ಕಡಿಮೆ. ಎಲ್ಲ ಸರಕಿಗೂ ಒಂದೇ ಮುಖ ಸಾಕೆನ್ನುವ ಮನೆಗೆ, ಅಂದರೆ ಮೇಲೆ ಮನೆಯ ಹೆಸರು, ತೋಟದ ಒಂದು ಚಿತ್ರ, ಕೆಳಗೆ ಸರಕಿನ ಹೆಸರಿಗೆ ಖಾಲಿ ಜಾಗ ಎಂಬ ವಿನ್ಯಾಸಕ್ಕೆ, ಇದು ಬಣ್ಣದ ಲೇಸರಿಗಿಂತ ಮೇಲು. ಸಿದ್ಧಾಂತವನ್ನು ಇಲ್ಲಿ ಕಿರಿದು ಮಾಡಿಕೊಳ್ಳಲೇಬೇಕು: ಸರಕು ಹಲವಾದರೆ ಸಾಲದು, ಚಿತ್ರವೂ ಸರಕಿನಿಂದ ಸರಕಿಗೆ ಬೇರೆಯಾಗಲೇಬೇಕಾದಲ್ಲಿ ಮಾತ್ರ ಬಣ್ಣದ ಯಂತ್ರಕ್ಕೆ ಅವಕಾಶ. ಮೇಳದ ಮೇಜಿನ ಮೇಲೆ ಹತ್ತು ಡಬ್ಬಿ ಸಾಲಾಗಿ ಇಟ್ಟಾಗ ಗಿರಾಕಿ ದೂರದಿಂದಲೇ ಮಿಡಿ ಯಾವುದು, ಮಾಂಬಳ ಯಾವುದು ಎಂದು ಬಣ್ಣದಿಂದ ಗುರುತಿಸಬೇಕೆಂದರೆ ಬಣ್ಣ ಬೇಕು. ಪರಿಚಿತ ಅಂಗಡಿಗಳಿಗೇ ಹೋಗುವ ಸರಕಾದರೆ ಬೇಡ. ಒಂದು ಎಚ್ಚರಿಕೆ: ಛಾಪಖಾನೆಯ ಸ್ಟಿಕ್ಕರ್ ಮನೆಯ ಲೇಸರಿನ ಒಳಗೆ ಇನ್ನೊಮ್ಮೆ ಬಿಸಿಯಾಗುತ್ತದೆ. ಆ ಶಾಯಿ, ಆ ಹಾಳೆ ಎರಡೂ ಲೇಸರ್ ತಾಳುವಂಥದ್ದೇ ಆಗಬೇಕೆಂದು ಮೊದಲೇ ಹೇಳಿ ಮಾಡಿಸಬೇಕು.

ಅಗ್ಗದ ಪರ್ಯಾಯ ಟೋನರ್ ಬಗ್ಗೆ ಕೇಳುವವರಿಗೆ ಚುಟುಕು ಉತ್ತರ. ಎಚ್‌ಪಿ ತನ್ನ ಹಲವು ಯಂತ್ರಗಳಲ್ಲಿ ಬೇರೆಯವರ ಚಿಪ್ಪಿರುವ ಟೋನರನ್ನು ತಡೆಯುವ ವ್ಯವಸ್ಥೆ ಇಟ್ಟಿರುವುದಾಗಿ ತಾನೇ ಹೇಳಿದೆ. ಇವತ್ತು ಒಪ್ಪಿದ್ದನ್ನು ನಾಳೆಯ ಸಾಫ್ಟ್‌ವೇರ್ ನಿರಾಕರಿಸಬಹುದು. ಬೇರೆಯವರ ಹುಡಿ ಬೇರೆ ಬಿಸಿಗೆ ಕರಗುವಂಥದ್ದಾದರೆ ಲೇಬಲ್ ಉಗುರಿಗೆ ಏಳುತ್ತದೆ. ಕಚೇರಿಯ ಕಾಗದಕ್ಕೆ ಪರವಾಗಿಲ್ಲ, ಬಾಟಲಿಗೆ ನಾನಂತೂ ಒಪ್ಪುವುದಿಲ್ಲ.

“ನಮ್ಮ ಮಳೆಗೆ ಲೇಸರ್ ಉಳಿಯುವುದುಂಟೇ?” ಉಳಿಯುತ್ತದೆ, ಹಾಳೆ ಉಳಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ ಇರುವ ಊರಿನಲ್ಲಿ ಬಿಚ್ಚಿಟ್ಟ ಸ್ಟಿಕ್ಕರ್ ಕಟ್ಟು ನೀರು ಹೀರಿ ಅಂಚು ಬಾಗುತ್ತದೆ, ಹುಡಿ ಕಲೆಕಲೆಯಾಗಿ ಕೂರುತ್ತದೆ. ಹಪ್ಪಳ ಇಡುವಂಥ ಗಾಳಿಯಾಡದ ಡಬ್ಬಿಯಲ್ಲೇ ಹಾಳೆಯನ್ನೂ ಇಡಿ, ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ, ರಾತ್ರಿ ಟ್ರೇಯಲ್ಲಿ ಬಿಡಬೇಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಪ್ಲಗ್ಗು ಕಿತ್ತಿಡುವುದು ಟಿವಿಯ ಕಾಲದಿಂದ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ವರ್ಟರಿನ ಮಾತು. ಫ್ಯೂಸರ್ ಬಿಸಿಯಾಗುವ ಕ್ಷಣ ಸಾವಿರ ವ್ಯಾಟಿನ ಸುಮಾರಿಗೆ ಎಳೆಯುತ್ತದೆ, ದೀಪ ಫ್ಯಾನಿಗೆಂದು ಇಟ್ಟ ಮನೆಯ ಇನ್ವರ್ಟರ್ ತಾಳುವುದಿಲ್ಲ. ಕರೆಂಟು ಇದ್ದಾಗ ಮುದ್ರಿಸಿ. ನಡುವೆ ಹೋದರೆ ಹಾಳೆ ಬಿಸಿ ಉರುಳೆಯಲ್ಲಿ ಸಿಕ್ಕಿಕೊಂಡಿರುತ್ತದೆ. ತಣಿಯಲು ಬಿಟ್ಟು, ಹಾಳೆ ಹೋಗುತ್ತಿದ್ದ ದಿಕ್ಕಿಗೇ ಎಳೆದು ತೆಗೆಯಬೇಕು. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡು ಘಾಟಿಗಳೂ ಕುಸಿದು ಮುಚ್ಚಿದ್ದವು. ಟೋನರ್ ಬೆಂಗಳೂರಿನಿಂದ ಬರುವುದಾದರೆ ಮಳೆಗಾಲಕ್ಕೆ ಮುಂಚೆ ಒಂದು ಕಪ್ಪು ಡಬ್ಬಿಯಾದರೂ ಮನೆಯಲ್ಲಿರಲಿ.

“ಲೇಬಲ್ ಬದಲು ಪೌಚಿನ ಮೇಲೇ ಮುದ್ರಿಸಬಾರದೇ?” ಪೌಚು ಪ್ಲಾಸ್ಟಿಕ್ಕಾದ್ದರಿಂದ ಫ್ಯೂಸರಿನ ನಿಷೇಧಕ್ಕೆ ಬರುತ್ತದೆ, ಮಾತು ಅಲ್ಲಿಗೇ ಮುಗಿಯಿತು. ಮುದ್ರಿತ ಚೀಟಿಯನ್ನು ಪೊಟ್ಟಣದ ಒಳಗೆ ಹಪ್ಪಳದ ಮೇಲೆ ಇಡುವ ಹಳೆಯ ಪದ್ಧತಿಯೂ ಬೇಡ. ಮುದ್ರಣದ ಮೈ ಆಹಾರಕ್ಕೆ ನೇರ ತಾಗಬಾರದೆಂದು 2018ರ ಆಹಾರ ಪೊಟ್ಟಣ ನಿಯಮ ಹೇಳುತ್ತದೆ.

“ಮುದ್ರಣ ಒಂದೆರಡು ಮಿಲಿಮೀಟರ್ ಆಚೀಚೆ ಹೋಗುತ್ತದಲ್ಲ?” ಹೋಗುತ್ತದೆ, ಎಲ್ಲ ಯಂತ್ರದಲ್ಲೂ. ಕತ್ತರಿಸಿ ಬರುವ ಹಾಳೆಯಲ್ಲಿ ಲೇಬಲಿನ ಅಂಚಿಗೆ ಗೆರೆಯ ಚೌಕಟ್ಟು ಹಾಕಿದರೆ ಈ ಸರಿಯುವಿಕೆ ಎದ್ದು ಕಾಣುತ್ತದೆ. ಚೌಕಟ್ಟು ಬಿಟ್ಟರೆ ಯಾರಿಗೂ ಕಾಣದು. ಅರ್ಧ ಲೇಬಲ್ ಕಿತ್ತ ಹಾಳೆಯನ್ನು ಉಳಿತಾಯಕ್ಕೆಂದು ಮತ್ತೆ ತಳ್ಳುವುದು ಮಾತ್ರ ಬೇಡವೇ ಬೇಡ, ಖಾಲಿಯಾದ ಜಾಗದ ಅಂಟಿನ ಉಳಿಕೆ ಡ್ರಮ್ಮಿಗೆ ಹತ್ತುತ್ತದೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಕೊಳ್ಳುವ ಮೊದಲು ನಮ್ಮದೇ ಹಾಳೆ ಹತ್ತು, ನಮ್ಮದೇ ಲೇಬಲಿನ ಫೈಲು, ನಮ್ಮದೇ ಖಾಲಿ ಬಾಟಲಿ ಹಿಡಿದು ಅಂಗಡಿಗೆ ಹೋಗಬೇಕು. ಪುತ್ತೂರಿನಲ್ಲಿ ಆ ಮಾದರಿ ಇಲ್ಲದಿದ್ದರೆ ಐವತ್ತು ಕಿಲೋಮೀಟರ್ ಚಿಲ್ಲರೆ ದೂರದ ಮಂಗಳೂರಿಗೆ. ಹತ್ತು ಹಾಳೆ ಒಂದರ ಹಿಂದೊಂದು ಓಡಿಸಿ, ತಣಿದ ಮೇಲೆ ಉಗುರಿನಲ್ಲಿ ಗೀರಿ, ಪಾರದರ್ಶಕ ಟೇಪು ಅಂಟಿಸಿ ಕಿತ್ತು ನೋಡಿ. ಮನೆಗೆ ತಂದು ಬಾಟಲಿಗೆ ಅಂಟಿಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಹೊರಗೆ ಬೆವರಲು ಬಿಡಿ. ಎಣ್ಣೆಯ ಬೆರಳಿನಲ್ಲಿ ಒಮ್ಮೆ ಸವರಿ. ಹೀಗೆ ಪರೀಕ್ಷೆಗೆ ಬಿಡದ ಅಂಗಡಿಯಲ್ಲಿ ವ್ಯಾಪಾರ ಬೇಡ.

ಸಂಗತಿ

ಕೊನೆಯ ಆಕ್ಷೇಪ ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳದ್ದು: “ಒಂದೊಂದು ಮನೆಗೆ ಒಂದೊಂದು ಯಂತ್ರ ಯಾಕೆ? ಹತ್ತು ಮನೆ ಸೇರಿ ಒಂದು ತಂದರೆ?” ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಪುತ್ತೂರಿನಲ್ಲಿ ಈ ಪ್ರಶ್ನೆಗೆ ಬೇಡ ಎನ್ನುವುದು ಕಷ್ಟ, ಬೇಡ ಎನ್ನಬೇಕಾಗಿಯೂ ಇಲ್ಲ. ಒಬ್ಬೊಬ್ಬರಿಗೆ ಅಧಿಕಾರವಿಲ್ಲದ ಕರ್ಮಕ್ಕೆ ಸೇರಿ ಮಾಡಿದಾಗ ಅಧಿಕಾರ ಬರುವುದು ಸತ್ರಯಾಗದಲ್ಲೂ ಇದೆ. ಹತ್ತು ಮನೆಯ ಇನ್ನೂರು ಇನ್ನೂರು ಲೇಬಲ್ ಸೇರಿದರೆ ಯಂತ್ರಕ್ಕೆ ಬೇಕಾದಷ್ಟು ಕೆಲಸ ಸಿಗುತ್ತದೆ, ಬಗೆಯೂ ಹಲವಾಗುತ್ತದೆ. ಆದರೆ ಮೂರು ಕಟ್ಟುಪಾಡು ಬೇಕು. ಪ್ರತಿ ಲೇಬಲಿನಲ್ಲಿ ಆಯಾ ಮನೆಯದೇ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಯಂತ್ರ ಒಂದೆಂದು ಸಂಖ್ಯೆ ಒಂದಾಗುವುದಿಲ್ಲ. ಹಾಳೆಯನ್ನು ಒಂದೇ ಬಗೆಯದು ನಿಶ್ಚಯಿಸಿ ಗುಂಪೇ ತರಿಸಬೇಕು, ಮನೆಯಿಂದ ತಂದ ಹಾಳೆಗೆ ಪ್ರವೇಶವಿಲ್ಲ. ಖರ್ಚನ್ನು ಹಾಳೆಯ ಲೆಕ್ಕದಲ್ಲಿ ಹಂಚದೆ ಬಣ್ಣದ ಲೆಕ್ಕದಲ್ಲಿ ಹಂಚಬೇಕು. ಬಿಳಿ ಹಿನ್ನೆಲೆಯವರ ಹಾಳೆಗೆ ಒಂದು ದರ, ಬಣ್ಣ ತುಂಬಿಸಿದವರ ಹಾಳೆಗೆ ಅದರ ನಾಲ್ಕೈದು ಪಟ್ಟು. ಈ ದರಪಟ್ಟಿಯನ್ನು ಯಂತ್ರದ ಪಕ್ಕದ ಗೋಡೆಗೆ ಮೊದಲ ದಿನವೇ ಅಂಟಿಸಿಡಿ, ಜಗಳವೂ ತಪ್ಪುತ್ತದೆ, ಟೋನರೂ ಉಳಿಯುತ್ತದೆ.